ಅತ್ತೆ ನನ್ನ ಜೊತೆಗೆ ಬಂದರು

ಬರಗೂರಿನ ಹತ್ತಿರದ ಹಟ್ಟಿ,
೨೦ನೇ ಜನವರಿ ೧೯೮೭

ಮಂಗಳಿಯ ಅಪ್ಪನವರಿಗೆ, ನಿಮ್ಮ ಗಿರಿಯಮ್ಮ ಮಾಡುವ ನಮಸ್ಕಾರಗಳು.

ಆರೋಗ್ಯವಾಗಿದ್ದೀರಷ್ಟೆ? ಅಸ್ಸಾಮಿನ ತೇಜಪುರದಾಚೆಯ ಬೆಟ್ಟದ ಚಳಿಗೆ ಬೆಳಗಿನ ಹೊತ್ತು ನಿಮ್ಮ ಮಿಲಿಟರಿ ಲಾರಿಯೇ ಸ್ಟಾರ್ಟ್ ಆಗುವುದಿಲ್ಲವೆಂದು ಬರೆದಿದ್ದಿರಿ. ಅದನ್ನು ಓದಿ ಹೇಳಿದ ದಿನದಿಂದ ಅತ್ತೆಗೆ ಸಮಾಧಾನವಿಲ್ಲ. ಹೊಸ ಕಂಬಳಿ ನೇಯಿಸಿ ಪಾರ್ಸಲ್ ಮಾಡಿಸಿದ್ದಾರೆ, ತಲುಪಿದರೆ ತಿಳಿಸಿ. ಮಂಗಳಿ ಸ್ಕೂಲಿಗೆ ಹೋಗುತ್ತಿದ್ದಾಳೆ. ನಿಮ್ಮ ಫೋಟೋ ಹಿಡಿದುಕೊಂಡು ಬಂದವರಿಗೆಲ್ಲ "ನಮ್ಮಪ್ಪ ಇದ್ರೊಳಗವ್ರೆ" ಎಂದು ತೋರಿಸುತ್ತಾಳೆ. ಅವಳಿಲ್ಲದಾಗ ನಾನೂ ತೆಗೆದು ನೋಡುತ್ತೇನೆ. ನಗಬೇಡಿ.

ಇಷ್ಟು ದಿನ ಕಾಗದ ಬರೆಯದಿದ್ದುದಕ್ಕೆ ಕೋಪ ಬಂದಿರಬಹುದು. ಹೇಗೆ ಬರೆಯಲಿ ಎಂದು ತಿಳಿಯದೆ ಸುಮ್ಮನಿದ್ದೆ. ನೀವು ರಜೆ ಮುಗಿಸಿ ಹೋದ ಮೇಲೆ ನನ್ನ ತಿಂಗಳ ಮುಟ್ಟು ಹದ ತಪ್ಪಿತು. ಹೊರಗಾದವರು ಹಟ್ಟಿಯ ಬೇಲಿಯಾಚೆ ಗುಡಿಸಲಿನಲ್ಲಿರಬೇಕಲ್ಲ, ನಾನು ತಲೆಗೆ ನೀರು ಹಾಕಿಕೊಂಡು ಒಳಗೆ ಬರುವಷ್ಟರಲ್ಲಿ ಮತ್ತೆ ಶುರುವಾಗಿ ಹೊರಗೆ ಹೋಗಬೇಕಾಗುತ್ತಿತ್ತು. ಕೊನೆಗೆ ತಿಂಗಳಿನ ಬಹುಪಾಲು ಅಲ್ಲೇ ಕಳೆದೆ. ಅತ್ತೆ ಊಟ ತಂದಿಟ್ಟು, ದೂರದಲ್ಲಿ ಕಲ್ಲಿನ ಮೇಲೆ ಕುಳಿತು, ನಾನು ಉಂಡು ಮುಗಿಸುವವರೆಗೂ ಮಾತಾಡುತ್ತಿದ್ದರು. ಮಂಗಳಿ ಬೇಲಿ ಹಿಡಿದು ನಿಂತು, "ಅವ್ವಾ, ನೀನ್ಯಾವಾಗ ಮನೀಗ್ ಬತ್ತೀಯಾ?" ಎಂದು ಕೇಳುತ್ತಿದ್ದಳು. ಸಂಜೆ ಕುರಿಗಳು ಹಿಂದಿರುಗುವ ಸದ್ದಿಗೆ, ಮಿಲಿಟರಿ ಸೇರುವ ಮೊದಲು ನೀವು ಹಿಂಡಿನ ಹಿಂದೆ ದೂಳು ಮೆತ್ತಿಕೊಂಡು ಬರುತ್ತಿದ್ದುದು ನೆನಪಾಗುತ್ತಿತ್ತು. ಎದ್ದು ನಿಂತು ನೋಡುತ್ತಿದ್ದೆ. ಕುರಿಗಳ ಹಿಂದೆ ಬೇರೆ ಯಾರೋ ಇರುತ್ತಿದ್ದರು.

ಜನ ಆಡಿಕೊಂಡರು. ಮಿಲಿಟರಿಯವನ ಹೆಂಡತಿ ಏನು ಅಂಟಿಸಿಕೊಂಡಳೋ ಎಂದರು, ಅವನೇ ತಂದು ಕೊಟ್ಟನೋ ಎಂದರು. ಅತ್ತೆ ನಡುಬೀದಿಯಲ್ಲಿ ನಿಂತು, "ನನ್ ಸೊಸೆ ಇಚಾರ ಆಡೋರು ನನ್ ಮುಂದ್ಕೆ ಬಂದು ಆಡ್ರಲೇ" ಎಂದ ಮೇಲೆ ಬಾಯಿ ಮುಚ್ಚಿದರು.

ಆಗಲೇ ನರ್ಸ್ ನರಸಿಂಹಮ್ಮ ಬಂದು, ಬೆಂಗಳೂರಿನಿಂದ ಡಾಕ್ಟರಮ್ಮ ಬರಗೂರಿಗೆ ಬರುತ್ತಾರೆ, ಹೆಂಗಸರ ಗರ್ಭಕೋಶದ ಬಾಯಿ ಪರೀಕ್ಷೆ ಮಾಡುತ್ತಾರೆ ಎಂದು ಹೇಳಿದ್ದು. ಯಾರೂ ಒಪ್ಪಲಿಲ್ಲ. ನನಗೂ ನಾಚಿಕೆಯಿಂದ ಕಾಲೇ ಬರಲಿಲ್ಲ. ಅತ್ತೆ, "ನಡಿಯೇ, ನಂಗ್ಯಾವ ರೋಗಾನೂ ಇಲ್ಲ. ಆದ್ರೂ ನಿನ್ ಜೊತೀಗೆ ನಾನೂ ಮಾಡುಸ್ಕತ್ತೀನಿ. ಅದೇನು ನಾಚ್ಕೆ ನೋಡೇಬುಡಾನ" ಎಂದು ಮುಂದೆ ಹೊರಟರು. ಅವರನ್ನು ನೋಡಿ ಬೇರೆ ಹೆಂಗಸರೂ ಸೆರಗು ಬಿಗಿದುಕೊಂಡು ಹಿಂದೆ ಬಂದರು. ಕಡ್ಡಿಯಿಂದ ಒಂದಿಷ್ಟು ತೆಗೆದು ಗಾಜಿಗೆ ಸವರಿಕೊಂಡರು, ಅಷ್ಟೆ. ನೋವೇನೂ ಆಗಲಿಲ್ಲ.

ಡಾಕ್ಟರಮ್ಮ ಮತ್ತೆ ಬಂದು ಒಬ್ಬೊಬ್ಬರನ್ನೇ ಒಳಗೆ ಕರೆದು ಫಲಿತಾಂಶ ಹೇಳಿದರು. ನನಗೆ ಸೋಂಕಾಗಿ ಗರ್ಭಕೋಶದ ಬಾಯಲ್ಲಿ ಹುಣ್ಣಾಗಿದೆ ಎಂದರು. ಅಳುತ್ತಾ ಹೊರಗೆ ಬಂದರೆ ಜಗಲಿಯಲ್ಲಿ ನನ್ನ ಹಾಗೆಯೇ ಕಣ್ಣೊರೆಸಿಕೊಳ್ಳುವವರು ಎಷ್ಟು ಜನ! ಮೊಮ್ಮಕ್ಕಳನ್ನು ಕಂಡವರು, ನೆನ್ನೆ ಮೊನ್ನೆ ಮದುವೆಯಾದವರು, ಹೊಸ್ತಿಲು ದಾಟದವರು. ನಾನು ಕೇಳಲಾಗದ ಮಾತನ್ನು ಬೊಮ್ಮಕ್ಕ ಎಂಬಾಕೆ ಕೇಳಿದಳು: "ಇದು ಯಾರ್ ತಪ್ಪಿಂದ ಬತ್ತದೆ ತಾಯಿ?" ಡಾಕ್ಟರಮ್ಮ ಹೇಳಿದ್ದನ್ನು ನೀವೂ ಕೇಳಬೇಕು. ಇದಕ್ಕೊಂದು ವೈರಸ್ ಕಾರಣವಿರಬೇಕೆಂದು ದೊಡ್ಡ ಡಾಕ್ಟರುಗಳು ಈಗೀಗ ಹೇಳುತ್ತಿದ್ದಾರಂತೆ. ಸಂಸಾರ ಮಾಡಿದ ಯಾವ ಹೆಣ್ಣಿಗಾದರೂ ತಗುಲಬಹುದಂತೆ, ಯಾವ ಊರಿಗೆ ಹೋದರೂ ಇಷ್ಟೇ ಜನ ಸಿಗುತ್ತಾರಂತೆ. ಹೆಚ್ಚಿನವರಿಗೆ ತಾನಾಗಿ ಹೋಗುತ್ತದೆ, ಕೆಲವರಲ್ಲಿ ಮಾತ್ರ ವರ್ಷಗಟ್ಟಲೆ ಸದ್ದಿಲ್ಲದೆ ಉಳಿದು ಕೆಟ್ಟ ರೋಗವಾಗುತ್ತದೆ ಎಂದರು. "ತಪ್ಪು ಹುಡುಕ್ತಾ ಕೂರಬೇಡಿ, ಪರೀಕ್ಷೆ ಮಾಡಿಸ್ಕೊಳ್ಳಿ" ಎಂದರು. ನಿಮ್ಮ ಮೇಲೆ ನನಗೆ ಸಂಶಯವಿಲ್ಲ. ನಿಮಗೂ ನನ್ನ ಮೇಲೆ ಬರಬಾರದೆಂದು ಇಷ್ಟೆಲ್ಲ ಬರೆದೆ.

ನನ್ನ ಹುಣ್ಣಿಗೆ ಅಲ್ಲೇ ಔಷಧ ಮಾಡಿದರು. ರಕ್ತ ನಿಂತಿದೆ. ಸಂಕ್ರಾಂತಿಗೆ ಮನೆಯೊಳಗೇ ಇದ್ದೆ. ಮಂಗಳಿ ನಿದ್ದೆಯಲ್ಲೂ ನನ್ನ ಸೆರಗು ಬಿಡುವುದಿಲ್ಲ. ಇನ್ನೊಂದು ಪಕ್ಕ ಮಾತ್ರ ಖಾಲಿ.

ಅತ್ತೆ ಪಕ್ಕದಲ್ಲೇ ಕುಳಿತು ಬರೆದದ್ದನ್ನೆಲ್ಲ ಓದಿಸಿಕೊಳ್ಳುತ್ತಿದ್ದಾರೆ. "ಇಲ್ಲೆಲ್ಲ ಚೆಂದಾಗೈತೆ, ನನ್ ಮಗ ಒಟ್ಟೆ ತುಂಬ ಉಣ್ಲಿ ಅಂತ ಬರಿ" ಎನ್ನುತ್ತಾರೆ. ಅವರ ಆಶೀರ್ವಾದ, ಮಂಗಳಿಯ ಮುತ್ತುಗಳು.

ನಿಮ್ಮ ದಾರಿ ನೋಡುತ್ತಿರುವ,
ಗಿರಿಯಮ್ಮ

ತಾ.ಕ.: ಅತ್ತೆ ನೀರಿಗೆ ಹೋಗಿದ್ದಾರೆ, ಬೇಗ ಬರೆಯುತ್ತೇನೆ. ಕೆಟ್ಟದ್ದು ಇರುವುದು ಅವರಿಗೆ. ಏನೂ ನೋವಿಲ್ಲದೆ ನನ್ನ ಧೈರ್ಯಕ್ಕೆಂದು ಬಂದವರಿಗೆ ಗರ್ಭಕೋಶದ ಬಾಯಲ್ಲಿ ಗೆಡ್ಡೆ ಸಿಕ್ಕಿದೆ. ಕ್ಯಾನ್ಸರಂತೆ. ಈಗಲೇ ಬೆಂಗಳೂರಿಗೆ ಹೋದರೆ ಉಳಿಸಬಹುದು ಎಂದಿದ್ದಾರೆ ಡಾಕ್ಟರಮ್ಮ. ಅತ್ತೆ ಜಪ್ಪಯ್ಯ ಎಂದರೂ ಹೊರಡುತ್ತಿಲ್ಲ. "ಅಷ್ಟು ದೂರದಾಗೆ ಒಬ್ನೇ ಅವ್ನೆ ಮಗ, ಬರ್ದು ಎದುರುಸ್ಬ್ಯಾಡ" ಎಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾರೆ. ಆಣೆ ಮುರಿದೆ. ಈ ಕಾಗದ ಕೈ ಸೇರಿದ ಕೂಡಲೇ, "ಅವ್ವ, ಗಿರಿಯಮ್ಮನ ಜೊತೆ ಹೊರಡು" ಎಂದು ತಂತಿ ಕೊಡಿ. ನಿಮ್ಮ ಮಾತು ಮೀರುವುದಿಲ್ಲ. ನಾನು ಬಟ್ಟೆ ಕಟ್ಟಿಟ್ಟಿದ್ದೇನೆ. ಗುಡಿಸಲಿನಲ್ಲಿದ್ದಾಗಲೂ ನಿಮ್ಮನ್ನು ಬನ್ನಿ ಎಂದು ಕರೆಯಲಿಲ್ಲ. ಈಗ ಕರೆಯುತ್ತಿದ್ದೇನೆ. ರಜೆ ಕೇಳಿ ಬನ್ನಿ.