ಮೆಟ್ಟಿಲ ಬಳಿ ತುಂಬದ ಬಾಟಲಿ

ಮನೆಯಿಂದ,
ಗುರುವಾರ, ಬೆಳಗಿನ ಬಸ್ಸಿಗೆ ಮುಂಚೆ

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮಾ? ಪುಟ್ಟಿಯ ಮುಖದ ಬಾವು ಇಳಿಯಿತೇ? ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಅವಳು ತಟ್ಟೆಯಲ್ಲಿ ಬಿಟ್ಟದ್ದನ್ನೇ ತಿಂದು ಕೈ ತೊಳೆಯುತ್ತೀಯೋ? ನಿನ್ನಮ್ಮ ದಿನಕ್ಕೆ ಹತ್ತು ಸಲ ನನ್ನನ್ನು ಇದನ್ನೇ ಕೇಳುತ್ತಾಳೆ, ನಾನೇನೋ ಆಸ್ಪತ್ರೆಯ ಕಿಟಕಿಯಲ್ಲಿ ಕೂತು ನೋಡುತ್ತಿರುವವನ ಹಾಗೆ! ನನ್ನ ಮಂಡಿನೋವು ಹಟ ಬಿಟ್ಟಿಲ್ಲ. ಹಾಳಾಗಿ ಹೋಗಲಿ ಅದು.

ನಿನ್ನ ಕಾಗದ ಬಂದು ವಾರವಾಯಿತು. ಮಗುವಿನ ಕಿಡ್ನಿ ಯಾಕೆ ಕೆಟ್ಟಿತೆಂದು ಡಾಕ್ಟರಿಗೇ ತಿಳಿಯುತ್ತಿಲ್ಲವಂತೆ. ಯಾವ ನೀರು ಕುಡೀತಾಳೆ ಎಂದು ಅವರು ಕೇಳಿದ್ದಕ್ಕೆ ನೀನು, "ನಮ್ಮ ಹಳ್ಳದ್ದೇ. ನಮ್ಮಪ್ಪಾನೇ ತಿಂಗಳು ತಿಂಗಳು ಬಾಟ್ಲಿ ತುಂಬ್ಸಿ ಪರೀಕ್ಷೆಗೆ ಕಳಿಸ್ತಾರೆ, ನೀರಿಗೇನೂ ಆಗಿಲ್ಲ" ಅಂದೆಯಂತೆ. ಆ ಸಾಲನ್ನು ನಿನ್ನಮ್ಮನಿಗೆ ಓದಿ ಹೇಳಲು ನನ್ನಿಂದ ಆಗಲಿಲ್ಲ. ಮರುದಿನವೇ ಕೂತು ಕೂತು ಹಳ್ಳದ ಮೆಟ್ಟಿಲಿಳಿದು, ಜನ ಕೊಡ ತುಂಬುವ ಕಡೆಯೇ ಒಂದು ಬಾಟಲಿ ತುಂಬಿ ಕಳಿಸಿದೆ. ನಿನ್ನೆ ವರದಿ ಬಂತು. ಕ್ಯಾಡ್ಮಿಯಂ ಅನ್ನುವ ಲೋಹ ಮಿತಿಗಿಂತ ಎಂಟು ಪಟ್ಟು ಇದೆಯಂತೆ, ಕಿಡ್ನಿಯನ್ನೇ ತಿನ್ನುವಂಥದ್ದು. ತಗಡಿಗೆ ಹೊಳಪು ಹಾಕುವ ಕಾರ್ಖಾನೆಯವರು ಎರಡು ವರ್ಷದ ಹಿಂದೆ ಸೇತುವೆಗೂ ಮೆಟ್ಟಿಲಿಗೂ ನಡುವೆ ಪೈಪು ಬಿಟ್ಟರಲ್ಲ, ಅದರದ್ದೇ. ಬಣ್ಣವೋ ವಾಸನೆಯೋ ಇದ್ದಿದ್ದರೆ ಯಾರೂ ಮುಟ್ಟುತ್ತಿರಲಿಲ್ಲ. ಪಾಪಿ ನೀರು, ಕನ್ನಡಿಯ ಹಾಗೆ ತಿಳಿಯಾಗಿ ಹರಿಯುತ್ತದೆ.

ವರದಿ ಹಿಡಿದು, ನನಗೆ ಈ ಬಾಟಲಿ ಕೆಲಸ ಕೊಟ್ಟ ಕಚೇರಿಯ ಸಾಹೇಬರ ಮುಂದೆ ನಿಂತೆ. "ಇನ್ನೊಂದ್ಸಲ ಸೇತುವೆ ಹತ್ರ ತುಂಬ್ಸಿ ಕಳ್ಸಿ, ಸರಿಹೋಗುತ್ತೆ" ಅಂದು ಫೈಲು ಮುಚ್ಚಿದರು. ನಾನೇ ಹಲಗೆಯ ಮೇಲೆ 'ಕುಡಿಯಬೇಡಿ' ಎಂದು ಬರೆದು ಮೆಟ್ಟಿಲ ಬಳಿ ನೆಟ್ಟೆ. ಸಂಜೆಯೊಳಗೆ ಯಾರೋ ಅದನ್ನು ಕಿತ್ತು ಅದರ ಮೇಲೇ ಬಟ್ಟೆ ಒಗೆಯುತ್ತಿದ್ದರು. "ಬಾಟ್ಲಿ ತಾತಾ, ಹೋದ ತಿಂಗಳೂ ಧಾರಾಳವಾಗಿ ಕುಡೀರಿ ಅಂದಿದ್ರಲ್ಲ?" ಎಂದು ಒಬ್ಬಳು ನಕ್ಕಳು. ಅವರಾದರೂ ಏನು ಮಾಡಿಯಾರು, ಕೊಡ ತುಂಬಲು ಬೇರೆ ಜಾಗವಿಲ್ಲ. ನನ್ನ ಮಾತಿಗೂ ಇನ್ನು ಬೆಲೆಯಿಲ್ಲ.

ಪುಟ್ಟಿಯ ತಲೆ ಸವರಿ ತಾತ ಕೇಳಿದ ಎಂದು ಹೇಳು. ನೀನು ಗಟ್ಟಿಯಾಗಿರಮ್ಮಾ. ಇಬ್ಬರಿಗೂ ನನ್ನ ಆಶೀರ್ವಾದ.

ನಿನ್ನ ಅಪ್ಪ

ಮರೆತದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಈ ಕಾಗದ ಒಯ್ಯಬೇಕಾದ ಬಸ್ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ಬಾಟಲಿ ತುಂಬಬೇಕಾದದ್ದು ಮೆಟ್ಟಿಲ ಬಳಿ. ಮಂಡಿನೋವೆಂದು ಎರಡು ವರ್ಷವೂ ಪೈಪಿಗಿಂತ ಮೇಲೆ, ಸೇತುವೆ ಹತ್ತಿರ ತುಂಬಿ, ಚೀಟಿಯಲ್ಲಿ 'ಮೆಟ್ಟಿಲು' ಎಂದೇ ಬರೆದೆ. ಅದೇ ಹಳ್ಳ ತಾನೇ ಅಂದುಕೊಂಡೆ. ಈ ಕಾಗದವನ್ನು ಡಾಕ್ಟರಿಗೆ ತೋರಿಸು, ನನ್ನ ಮಾನ ನೋಡಬೇಡ. ಆಸ್ಪತ್ರೆ ನೀರು ಬೇಡ, ಮನೆ ನೀರೇ ಬೇಕು ಎಂದು ಪುಟ್ಟಿ ಅಳುತ್ತಾಳೆಂದು ಸೋಮವಾರ ಕಳಿಸಿದೆವಲ್ಲ ಕ್ಯಾನು, ನಿನ್ನಮ್ಮ ಅದನ್ನು ಮೆಟ್ಟಿಲಲ್ಲೇ ತುಂಬಿದ್ದು. ಅವಳನ್ನು ಬೈಯಬೇಡ, ಅನುಮಾನವಿದ್ದೂ ತಡೆಯದವನು ನಾನು. ನಿನ್ನೆಯಿಂದ ಮೂರು ಸಲ ಫೋನ್ ಮಾಡಿದೆ, ವಾರ್ಡಿಗೆ ಕೊಡಲಿಲ್ಲ. ಕ್ಯಾನಿನಲ್ಲಿ ಇನ್ನೂ ನೀರು ಉಳಿದಿದ್ದರೆ ಚೆಲ್ಲಿಬಿಡು.