‘ನಂತರ’ ಎನ್ನದ ಪ್ರಿಂಟರ್

ಗುರುಗಳೇ ಎಂದರೆ ಬೈಯುತ್ತಿದ್ದ ನನ್ನ ಕಾಕಾ,

ನೀವಿದ್ದಿದ್ದರೆ ಮೊದಲು ಕೇಳುತ್ತಿದ್ದುದು ಖರ್ಚನ್ನು, ಆದ್ದರಿಂದ ಅದನ್ನೇ ಮೊದಲು ಬರೆಯುತ್ತೇನೆ. ಕೈಚೀಲದಲ್ಲಿ ಹಿಡಿಸುವ ಫೋಟೋ ಪ್ರಿಂಟರ್, ಹದಿನಾಲ್ಕು ಸಾವಿರದ ಐನೂರು. ಅದರ ಬ್ಯಾಟರಿ ಆರು ಸಾವಿರ. ಹಾಳೆಯ ಡಬ್ಬಿ ಮೂರು, ಸೇರಿ ಆರು ಸಾವಿರದ ಆರುನೂರು. ಧೂಳು ಹೊಗದ ಚೀಲಕ್ಕೆ ಒಂಬೈನೂರು. ಒಟ್ಟು ಇಪ್ಪತ್ತೆಂಟು ಸಾವಿರ. ಇದರಲ್ಲಿ ಹಾಳಾದ ಹಾಳೆ ಒಂದೇ ಒಂದು, ಇಪ್ಪತ್ತು ರೂಪಾಯಿಯದು. ಈ ಪತ್ರ ಆ ಒಂದು ಹಾಳೆಯ ಸಲುವಾಗಿ.

ನಿಮ್ಮ ಸೊಲ್ಲಾಪುರದ ಸ್ಟುಡಿಯೋದಲ್ಲಿ ನಾನಿನ್ನೂ ಫೋಟೋದ ಅಂಚು ಕತ್ತರಿಸುವುದನ್ನು ಕಲಿಯುತ್ತಿದ್ದಾಗ, ಒಂದು ಮಧ್ಯಾಹ್ನ ನೀವು ಬೋರಾಮಣಿಯ ಮದುವೆಯ ಸಂಗತಿ ಹೇಳಿದ್ದು ನೆನಪಿದೆಯೇ? ರೋಲು ಹಿಂದಕ್ಕೆ ಸುತ್ತುವ ಮೊದಲೇ ಕ್ಯಾಮೆರಾದ ಬೆನ್ನು ತೆರೆದಿರಿ. ಬೆಳಕು ಬಿದ್ದು ಮೂವತ್ತಾರು ಫೋಟೋಗಳೂ ಹೋದವು. ಹೇಳುವ ಧೈರ್ಯ ಬರಲಿಲ್ಲ. ಆ ಮನೆಯವರು ಕೇಳಲು ಬಂದಾಗಲೆಲ್ಲ "ನಂತರ ಬರ್ರಿ" ಎಂದಿರಿ. ವರ್ಷ ಕಳೆದ ಮೇಲೆ ಅವರು ಬರುವುದನ್ನೇ ಬಿಟ್ಟರು. "ಮರಾಠಿಯಾಗೂ ನಂತರ, ಕನ್ನಡದಾಗೂ ನಂತರ. ಎರಡೂ ಭಾಷಾದಾಗ ಒಂದ ಸುಳ್ಳ ಹೇಳಿದೆ ನೋಡವಾ" ಎಂದು ನಕ್ಕಿರಿ. ನಕ್ಕವರು ಮುಖ ಮಾತ್ರ ಆಚೆ ತಿರುಗಿಸಿಕೊಂಡಿರಿ. ಆ ಊರಿನ ದಾರಿಯನ್ನು ನೀವು ಮತ್ತೆ ತುಳಿಯಲೇ ಇಲ್ಲ.

ಈ ಸಲ ಲಗ್ನದ ಸೀಸನ್ನಿಗೆ ಮೊದಲು ಒಬ್ಬ ಹುಡುಗಿ ಅಂಗಡಿಗೆ ಬಂದಳು. ಮದುವೆ ಅವಳದೇ, ಅಕ್ಕಲಕೋಟೆಯ ಮಂಗಲ ಕಾರ್ಯಾಲಯದಲ್ಲಿ. ಊರು ಯಾವುದೆಂದರೆ ಬೋರಾಮಣಿ. ನನ್ನ ಪೆನ್ನು ಅಲ್ಲೇ ನಿಂತಿತು.

"ನಮ್ಮ ಅಜ್ಜಿ ಫೋಟೋಕ್ಕ ನಿಂದ್ರಂಗಿಲ್ರಿ ಅಕ್ಕಾ. ಆಕಿ ಲಗ್ನದ ಫೋಟೋ ಸೊಲ್ಲಾಪುರದಿಂದ ಇನ್ನೂ ಬರಬೇಕಾಗ್ಯಾವು. ಅಜ್ಜಿ ಇಲ್ದ ಆಲ್ಬಮ್ ನನಗ ಬ್ಯಾಡ."

ಅಜ್ಜಿಗೇ ಫೋನು ಹಚ್ಚಿಸಿದೆ. ಆಕೆಯ ಷರತ್ತು ಒಂದೇ: "ಊಟಕ್ಕ ಕುಂದ್ರೂ ಮೊದಲ ಕೈಯಾಗ ಕೊಟ್ರ ನಿಂದರ್ತೀನಿ. ನಂತರ ಅಂದೀ, ಕ್ಯಾಮೆರಾ ಬಾವಿಗಿ ಒಗೀತೀನಿ."

ಆಗಲಿ ಎಂದುಬಿಟ್ಟೆ. ಆ ಸೊಲ್ಲಾಪುರದವರು ನಾವೇ ಎಂಬುದನ್ನು ಮಾತ್ರ ಹೇಳಲಿಲ್ಲ, ನಂತರ ಹೇಳಿದರಾಯಿತು ಎಂದುಕೊಂಡೆ. ನೋಡಿದಿರಾ, ಆ ಶಬ್ದ ನಮ್ಮ ಅಂಗಡಿಯ ಗೋಡೆಗೇ ಅಂಟಿಕೊಂಡಿದೆ.

ಮರುದಿನ ಕ್ಯಾಮೆರಾ ಅಂಗಡಿಯಲ್ಲಿ ಮೂರು ಯಂತ್ರಗಳನ್ನು ಮೇಜಿನ ಮೇಲೆ ಇಡಿಸಿದೆ. ಯಾವುದೇ ಸಾಮಾನು ಕೊಳ್ಳುವ ಮೊದಲು ಅಂಗಡಿಯವನ ಬೆವರು ಇಳಿಸಬೇಕೆಂದು ಕಲಿಸಿದವರು ನೀವೇ ಅಲ್ಲವೇ? ಮೊದಲನೆಯದು ಜೇಬಿನಲ್ಲಿ ಹಿಡಿಸುವಂಥದು, ಮಸಿಯೇ ಬೇಡ. ಫೋಟೋ ಬಸ್ ಪಾಸಿನಷ್ಟು, ಬಣ್ಣ ಹತ್ತು ಸಲ ಒಗೆದ ಸೀರೆಯದು. ಎರಡನೆಯದು ಮಸಿ ಸಿಂಪಡಿಸುವಂಥದು. ಹಾಳೆ ಅಗ್ಗ, ಫೋಟೋ ದೊಡ್ಡದು. ಅಂಗಡಿಯವನ ಫೋಟೋವನ್ನೇ ತೆಗೆಸಿ, ನೀರಲ್ಲಿ ಅದ್ದಿದ ಬೆರಳಿನಿಂದ ಒರೆಸಿದೆ. ಮೀಸೆ ಕೆನ್ನೆಗೆ ಹೋಯಿತು.

"ಲಗ್ನದಾಗ ಫೋಟೋಕ್ಕ ನೀರು ಯಾರು ಹಾಕ್ತಾರ ಅಕ್ಕಾ?" ಎಂದ.

"ಅರಿಶಿಣದ ದಿನ ಒಣಾ ಕೈ ಯಾರದಿರ್ತದ?" ಎಂದೆ.

ಮೂರನೆಯದು ರಿಬ್ಬನ್ನಿನ ಬಣ್ಣವನ್ನು ಕಾಯಿಸಿ ಹಾಳೆಗೆ ಹತ್ತಿಸುವಂಥದು. ಒಂದೇ ಹಾಳೆ ನಾಲ್ಕು ಸಲ ಹೊರಗೆ ಬಂದು ಹೋಗುತ್ತದೆ. ಮೊದಲು ಹಳದಿ, ಆಮೇಲೆ ಗುಲಾಬಿ, ಆಮೇಲೆ ನೀಲಿ, ಕೊನೆಗೆ ಮೇಲೊಂದು ತಿಳಿ ಪದರ. ನಿಮಿಷದೊಳಗೆ ಮುಗಿಯಿತು. ನೀರು ಹಾಕಿದೆ, ಅವನದೇ ಚಹಾ ಹಾಕಿದೆ. ಮೀಸೆ ಜಾಗ ಬಿಡಲಿಲ್ಲ. ಡಬ್ಬಿಯಲ್ಲಿ ನೂರೆಂಟು ಹಾಳೆ, ಅದರ ರಿಬ್ಬನ್ನೂ ಸರಿಯಾಗಿ ನೂರೆಂಟು ಫೋಟೋಕ್ಕೆ. ತನ್ನ ಲೆಕ್ಕ ತಾನೇ ಹೊಂದಿಸಿಕೊಳ್ಳುವ ಯಂತ್ರವನ್ನು ನಾನು ಬಿಟ್ಟು ಬರುತ್ತೇನೆಯೇ?

ಅಕ್ಕಲಕೋಟೆಯಲ್ಲಿ ಅರಿಶಿಣದ ದಿನ ಬೆಳಿಗ್ಗೆ ಮೊಮ್ಮಗಳ ಕೆನ್ನೆಗೆ ಅರಿಶಿಣ ಹಚ್ಚಿ ಅಜ್ಜಿ ಪಕ್ಕದಲ್ಲಿ ಕೂತರು, ಪರೀಕ್ಷೆ ನಡೆಸುವ ಮಾಸ್ತರರ ಹಾಗೆ. ಫೋಟೋ ತೆಗೆದೆ. ಪ್ರಿಂಟರ್ ಗುರುಗುಟ್ಟಿತು. ಹಾಳೆ ಮೊದಲ ಸಲ ಹೊರಗೆ ಇಣುಕಿದ್ದೇ ತಡ, ಅಜ್ಜಿ ಅದನ್ನು ಸರ್ರನೆ ಎಳೆದುಕೊಂಡರು. ಹಳದಿ ಅಜ್ಜಿ, ಹಳದಿ ಮೊಮ್ಮಗಳು, ಹಳದಿ ಗೋಡೆ. ಯಂತ್ರ ಬಿಕ್ಕಿ ನಿಂತಿತು.

"ಛಲೋ ಬಂದದ" ಎಂದರು ಅಜ್ಜಿ. "ಅರಿಶಿಣದ ಫೋಟೋ, ಅರಿಶಿಣದಂಗ ಬಂದದ."

"ಇನ್ನೂ ಆಗಿಲ್ರಿ ಅಜ್ಜಿ. ಇನ್ನ ಮೂರು ಸಲ ಹೋಗಿ ಬರಬೇಕು."

"ಅಂದ್ರ ನಂತರ ಅಂತೀ ಏನು?"

ಹೆಂಗಸರೆಲ್ಲ ನಕ್ಕರು. ಹೊರಗೆ ಊಟದ ಪಂಕ್ತಿಗೆ ಪತ್ರಾವಳಿ ಹಾಸತೊಡಗಿದ್ದರು. ರಿಬ್ಬನ್ ಹೊರತೆಗೆದು, ಸಡಿಲಾದದ್ದನ್ನು ಬೆರಳಿನಿಂದ ಬಿಗಿದು ಮತ್ತೆ ಕೂಡಿಸಿ, ಹೊಸ ಹಾಳೆ ಬಿಟ್ಟೆ. "ನಾಕು ಸಲ ಬರ್ತದರಿ. ಎಣಿಸೂದು ನಿಮ್ಮ ಕೆಲಸ, ಮುಟ್ಟೂದು ನನ್ನ ಕೆಲಸ" ಎಂದೆ. ಅಜ್ಜಿ ಕೈ ಕಟ್ಟಿಕೊಂಡು ಗಟ್ಟಿಯಾಗಿ ಎಣಿಸಿದರು. "ನಾಕು" ಎನ್ನುವಾಗ ಅವರ ಮೂಗುತಿಯ ಹೊಳಪು ಸಹ ಹಾಳೆಯ ಮೇಲಿತ್ತು. ಪತ್ರಾವಳಿಗೆ ಇನ್ನೂ ಏನೂ ಬಡಿಸಿರಲಿಲ್ಲ.

ಗೆದ್ದಾಗಿತ್ತು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ಆಗಲೇ ಹೇಳಿಬಿಟ್ಟೆ, ಕಾಕಾ. ನಿಮ್ಮ ಹೆಸರು, ಬೆಳಕು ಬಿದ್ದ ರೋಲು, ನೀವು ತುಳಿಯದ ದಾರಿ, ಎಲ್ಲ. ಅಜ್ಜಿ ಫೋಟೋವನ್ನು ಮಡಿಲಲ್ಲಿ ಬೋರಲಿಟ್ಟರು.

"ಹಾಳಾಗಿದ್ವೇನು? ಅಷ್ಟ ಹೇಳಿದ್ರ, ಮತ್ತೊಮ್ಮಿ ಸೀರಿ ಉಟ್ಟು ನಿಂದರ್ತಿದ್ದೆವಲ್ಲ." ಫೋಟೋ ಮತ್ತೆ ಕೈಗೆತ್ತಿಕೊಂಡು ಕೇಳಿದರು, "ಅದಾರೇನು ಅವರು?"

"ಹೋಗಿ ವರ್ಷಾತ್ರಿ."

"ಹಂಗಾದ್ರ ನೀನ ತಿಳಸು. ಫೋಟೋ ಮುಟ್ಟ್ಯಾದ ಅಂತ."

ತಿಳಿಸಿದ್ದೇನೆ. ಇನ್ನು ಯಾರಿಗೆ ಏನು ಸಿಕ್ಕಿತು ಎಂಬುದು. ಅಜ್ಜಿಗೆ ಎರಡು ಫೋಟೋ, ಹಳದಿಯದನ್ನೂ ಅವರು ಬಿಟ್ಟುಕೊಡಲಿಲ್ಲ. ಮದುಮಗಳಿಗೆ ಅಜ್ಜಿ ಇರುವ ಆಲ್ಬಮ್. ನನಗೆ ಅದೇ ಕಾರ್ಯಾಲಯದಲ್ಲಿ ಮೂರು ಮದುವೆಗಳ ಮುಂಗಡ. ಯಂತ್ರದ ದುಡ್ಡು ಎದ್ದಿತು. ಅಂಗಡಿಗೆ ಮತ್ತೆ ಬೋರಾಮಣಿಯ ದಾರಿ. ನಿಮಗೆ ಮೂವತ್ತಾರರಲ್ಲಿ ಒಂದು ಮುಟ್ಟಿದ್ದಕ್ಕೆ ಈ ಪತ್ರವೇ ರಸೀದಿ. ಉಳಿದ ಮೂವತ್ತೈದನ್ನು ಅಜ್ಜಿ ಮಾಫ್ ಮಾಡಿದ್ದಾರೆ.