ಕಣದ ಮೂಲೆಯಿಂದ ಕೂಗಿದ ಸಂಖ್ಯೆ

ಮಲ್ಲಂದೂರು,
ಜನವರಿ ೧೧, ಶನಿವಾರ, ಸಂಜೆ ಆರು ಗಂಟೆ

ಪ್ರೀತಿಯ ರುದ್ರಾಣಿ,

ಹೇಗಿದ್ದೀಯ? ಮಂಡಿಗೆ ಡಾಕ್ಟರು ಕೊಟ್ಟ ಎಣ್ಣೆ ಹಚ್ಚುತ್ತಿದ್ದೀಯಾ? ನಿದ್ದೆ ಬರುತ್ತದೆಯೇ? ಫೋನು ಮಾಡಿದರೆ ನೀನು ‘ಹೂಂ’ ಅಂದು ಅಣ್ಣನ ಕೈಗೆ ಕೊಟ್ಟುಬಿಡುತ್ತೀಯ. ಕಾಗದವನ್ನಾದರೆ ನೀನೇ ಓದುತ್ತೀಯ ಎಂದು ಬರೆಯಲು ಕೂತೆ. ನಾನು ಚೆನ್ನಾಗಿದ್ದೇನೆ. ಅನ್ನ ಮಾಡಿಕೊಳ್ಳುತ್ತೇನೆ, ಸಾರು ಸಿದ್ದಮ್ಮ ತಂದಿಟ್ಟು ಹೋಗುತ್ತಾಳೆ. ಉಪ್ಪು ಯಾವಾಗಲೂ ಒಂದು ಚಿಟಿಕೆ ಜಾಸ್ತಿ, ಹೇಳಲಿಕ್ಕಾಗುವುದಿಲ್ಲ. ಇವತ್ತು ಬೆಳಗಿನಿಂದ ಬೇರೆಯವರ ಕಣದಲ್ಲಿ ಕಾಫಿ ಹರಡಿ ಬಂದಿದ್ದೇನೆ, ಬೆನ್ನು ಹಿಡಿದುಕೊಂಡಿದೆ. ಯಾಕೆ ಹಾಗಾಯಿತೆಂದು ಹೇಳುತ್ತೇನೆ.

ನಮ್ಮ ರೂಪಶ್ರೀ ಹೋದ ಮೇಲೆ ಅವಳ ಹವಾಮಾನದ ಮಿಷನ್ನನ್ನು ನಾನು ಮುಟ್ಟಿರಲಿಲ್ಲ. ನಡುಮನೆಯ ಗೋಡೆಯ ಮೇಲೆ ಅದರ ಪಾಡಿಗೆ ಅದು ಇತ್ತು. ಜುಲೈಯಲ್ಲಿ ಮಗಳಿಗೆ ಜ್ವರ ಏರಿ, ನಾವು ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದ ದಿನವೂ ಅದು ಮಳೆ ಎಷ್ಟು, ವಾಯುಭಾರ ಎಷ್ಟು ಎಂದು ತೋರಿಸುತ್ತಲೇ ಇತ್ತು. ಆಗ ಅದರ ಮೇಲೆ ಸಿಟ್ಟು ಬಂದಿತ್ತು ನನಗೆ. ಆದರೆ ಮೊನ್ನೆ ಬುಧವಾರ ಬ್ಯಾಟರಿ ಮುಗಿದು ಕಪ್ಪಾದಾಗ ನೋಡಿಕೊಂಡು ಇರಲಾಗಲಿಲ್ಲ. ಹೊಸ ಬ್ಯಾಟರಿ ಹಾಕಿದೆ. ಎಲ್ಲವೂ ವಾಪಸು ಬಂತು. ವಾಯುಭಾರ ಮಾತ್ರ ಅವಳು ಕೂರಿಸಿದ್ದನ್ನು ಮರೆತು ಎಂಟುನೂರ ಎಂಬತ್ತೈದಕ್ಕೆ ಹೋಗಿ ನಿಂತಿತು. ಅವಳಿದ್ದಾಗ ಸಾವಿರದ ಮೇಲೆ ಇರುತ್ತಿತ್ತು.

ಗುರುವಾರ ಅದನ್ನು ಟವೆಲಿನಲ್ಲಿ ಸುತ್ತಿ ಮೂಡಿಗೆರೆಗೆ ತೆಗೆದುಕೊಂಡು ಹೋದೆ. ಜೀಪ್ ರಿಪೇರಿಯ ಜಿಯಾಉದ್ದೀನ್ ಸಾಬರ ಗ್ಯಾರೇಜಿನಲ್ಲಿ ಮುಳ್ಳಿನ ಬ್ಯಾರೋಮೀಟರ್ ಒಂದಿದೆಯಲ್ಲ, ಯಾವುದೋ ಎಸ್ಟೇಟ್ ಬಂಗಲೆಯ ಹರಾಜಿನಲ್ಲಿ ಅವರಪ್ಪ ತಂದದ್ದು. ರೂಪಾ ಅದನ್ನು ನೋಡಲೆಂದೇ ನೆಪ ಹುಡುಕಿಕೊಂಡು ಹೋಗುತ್ತಿದ್ದಳು. ಸಾಬರೂ ನಾನೂ ಕೂತು, ಆ ಮುಳ್ಳು ತೋರಿಸಿದ ಸಂಖ್ಯೆಯನ್ನೇ ಮಿಷನ್ನಿಗೂ ಕೂರಿಸಿದೆವು: ಸಾವಿರದ ಹದಿನಾಲ್ಕು. ಅವರು ತಮ್ಮ ಅಂಗಿಯ ತುದಿಯಿಂದ ಗಾಜು ಒರೆಸಿ ಕೊಟ್ಟರು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಪಕ್ಕದವರು ಏನದು ಎಂದು ಕೇಳಿದರು, ಗಡಿಯಾರ ಅಂದೆ.

ಮರುದಿನ ಬೆಳಿಗ್ಗೆ ನೋಡಿದರೆ ಸಂಖ್ಯೆ ಸುಮಾರು ಇಪ್ಪತ್ತರಷ್ಟು ಇಳಿದುಬಿಟ್ಟಿದೆ. ಮೇಲೆ ಮೋಡದ ಚಿತ್ರ, ಅದರೊಳಗೆ ಮಿಂಚು. ವಾಯುಭಾರ ಕುಸಿತ ಅಂದರೆ ಮಳೆ ಎಂದು ರೇಡಿಯೋದವರೂ ಹೇಳುತ್ತಾರೆ, ನನಗೆ ಗೊತ್ತಿರುವುದೂ ಅಷ್ಟೇ. ಎಲ್ಲರ ಕಣದಲ್ಲೂ ಸಿಪ್ಪೆ ತೆಗೆದ ಪಾರ್ಚ್‌ಮೆಂಟ್ ಕಾಫಿ ಅರೆ ಒಣಗಿ ಬಿದ್ದಿದೆ. ಗಾಬರಿಯಲ್ಲಿ ಅವಳ ಮೊಬೈಲನ್ನೇ ಹಿಡಿದುಕೊಂಡು ಕಣದ ಮೂಲೆಗೆ ಓಡಿ, ಅವಳು ದಿನಾ ಹವಾಮಾನದ ಸುದ್ದಿ ಹಾಕುತ್ತಿದ್ದ ಬೆಳೆಗಾರರ ವಾಟ್ಸಾಪ್ ಗ್ರೂಪಿಗೆ ಹಾಕಿದೆ: ‘ಜೋರು ಮಳೆ ಬರುವ ಹಾಗಿದೆ, ಇವತ್ತು ಕಾಫಿ ಹರಡಬೇಡಿ.’ ಅವಳ ನಂಬರಿಗೆ ನಾನು ರೀಚಾರ್ಜ್ ನಿಲ್ಲಿಸಿರಲಿಲ್ಲ. ನಿನಗೆ ಹೇಳಿರಲಿಲ್ಲ. ಸುದ್ದಿ ಅವಳ ಹೆಸರಿನಲ್ಲಿ ಹೋಯಿತು ಎಂಬುದು ಆಮೇಲೆ ಹೊಳೆಯಿತು.

ಊರಿನಲ್ಲಿ ಒಬ್ಬರೂ ಕಾಫಿ ರಾಶಿಯ ಮೇಲಿನ ಟಾರ್ಪಾಲ್ ತೆಗೆಯಲಿಲ್ಲ ರುದ್ರಾಣಿ. ದಿನವಿಡೀ ಒಂದು ಹನಿಯೂ ಬೀಳಲಿಲ್ಲ. ಸಂಜೆ ಎದುರು ತೋಟದ ಭೂತಯ್ಯ ನಮ್ಮ ಗೇಟಿನಲ್ಲಿ ನಿಂತು, ‘ಎಲ್ಲಿ ಮಾರಾಯ ನಿನ್ನ ಮಳೆ? ದಾರಿ ತಪ್ಪಿ ಮಂಗ್ಳೂರಿಗೆ ಹೋಯ್ತಾ?’ ಅಂದ. ರಾಶಿ ಹಾಕಿದ್ದ ಕಾಫಿ ಒಳಗೊಳಗೇ ಬಿಸಿಯಾಗಿ ವಾಸನೆ ಹಿಡಿಯಲು ಶುರುವಾಗಿತ್ತು. ತಪ್ಪಾಯ್ತು ಎಂದು ಹೇಳಲು ಪಕ್ಕದ ತೋಟದ ಮುತ್ತಮ್ಮನವರ ಮನೆಗೆ ಹೋದೆ, ಭೂತಯ್ಯನೂ ಹಿಂದೆಯೇ ಬಂದ. ಅವರು ಬೈಯಲಿಲ್ಲ. ‘ಹುಡುಗಿ ಹೆಸರು ನೋಡಿದ್ ಕೂಡ್ಲೆ ಕೈಕಾಲು ಆಡ್ಲಿಲ್ಲಪ್ಪ. ಅವಳು ಹೇಳಿದ್ ಮೇಲೆ ಆಕಾಶ ಯಾಕ್ ನೋಡ್ಬೇಕು ಅಂತ ಸುಮ್ನಾದೆ’ ಅಂದು ಸೆರಗಿನಿಂದ ಮುಖ ಒರೆಸಿಕೊಂಡರು. ಅದಕ್ಕೇ ಇವತ್ತು ಅವರಿಬ್ಬರ ಕಣಕ್ಕೂ ಹೋಗಿ ಕಾಫಿ ಕೆದಕಿ ಬಂದದ್ದು. ಬಿಸಿಲು ಚೆನ್ನಾಗಿತ್ತು, ವಾಸನೆ ಹೋದೀತು ಅನ್ನುತ್ತಾರೆ.

ಸಾಬರಿಗೆ ಫೋನಿನಲ್ಲಿ ಹೇಳಿದ್ದೆ. ಐದರ ಹೊತ್ತಿಗೆ ಜೀಪು ಹಾಕಿಕೊಂಡು ತಾವೇ ಬಂದರು. ಮಿಷನ್ ನೋಡಿ ಹಣೆ ಚಚ್ಚಿಕೊಂಡರು. ‘ನಂದೇ ತಪ್ಪು ಶೇಷಪ್ಪನೋರೆ. ಗುಡ್ಡ ಹತ್ತಿದಷ್ಟೂ ಗಾಳಿ ಹಗುರ ಆಗ್ತದೆ. ಕೆಳಗೆ ಸರಿ ಮಾಡಿ ಮೇಲೆ ತಗೊಂಡ್ ಬಂದ್ರೆ ಸರಿ ಇರ್ತದಾ? ಅದು ಎಲ್ಲಿರ್ತದೋ ಅಲ್ಲೇ ಸರಿ ಮಾಡ್ಬೇಕು. ನಿಮ್ಮ ಮಗಳು ನಂಗೆ ಪಾಠ ಮಾಡಿದ್ಲು, ನಾನೊಬ್ಬ ದಡ್ಡ, ಮರ್ತೆ’ ಅಂದರು. ಗಾಳಿ ಅಲುಗದ ಬೆಳಿಗ್ಗೆ, ಹವಾಮಾನ ಇಲಾಖೆಯವರು ಚಿಕ್ಕಮಗಳೂರಿಗೆ ಕೊಡುವ ಸಂಖ್ಯೆಯನ್ನು ಮೊಬೈಲಿನಲ್ಲಿ ನೋಡಿಕೊಂಡು, ಗೋಡೆಯ ಮೇಲಿದ್ದ ಹಾಗೆಯೇ ಕೂರಿಸಬೇಕಂತೆ.

ಅಷ್ಟು ಕೇಳಿದ ಮೇಲೆ ನನಗೆ ಎಲ್ಲ ನೆನಪಾಯಿತು. ನಮ್ಮಲ್ಲಿ ಸಿಗ್ನಲ್ ಸಿಗುವುದು ಕಣದ ಮೂಲೆಯಲ್ಲಿ ಮಾತ್ರ. ನೀನು ಅಲ್ಲಿ ನಿಂತು ಸಂಖ್ಯೆ ಓದಿ ಕೂಗುತ್ತಿದ್ದೆ, ಒಳಗೆ ಅವಳು ಬಟನ್ ಒತ್ತುತ್ತಿದ್ದಳು. ‘ಜೋರಾಗಿ ಕೂಗಮ್ಮ, ಮೀನು ಮಾರೋರ ಹಾಗೆ!’ ಎಂದು ಅವಳು. ‘ಊರಿಗೆಲ್ಲ ಕೇಳಿಸ್ತು, ನಿಂಗ್ ಮಾತ್ರ ಕೇಳಿಸ್ಲಿಲ್ವೇನೇ?’ ಎಂದು ನೀನು. ನಾನು ಬಚ್ಚಲೊಲೆಗೆ ಸೌದೆ ತುರುಕುತ್ತ ಇಬ್ಬರನ್ನೂ ಬೈಯುತ್ತಿದ್ದೆ.

ಸಾಬರು ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದಾರೆ, ಇಲ್ಲಿಂದ ನಿಮ್ಮ ಕಳಸಕ್ಕೇ ಹೋಗುವವರು, ಈ ಕಾಗದ ಅವರ ಕೈಯಲ್ಲೇ ಬರುತ್ತದೆ. ಅತ್ತೆಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಅಣ್ಣನನ್ನು ಕೇಳಿದೆನೆಂದು ಹೇಳು. ಬೆಳಗಿನ ಚಳಿಗೆ ಕಿವಿ ಮುಚ್ಚಿಕೊಂಡು ಹೊರಗೆ ಬಾ.

ನಿನ್ನ,
ಶೇಷಪ್ಪ

ಇನ್ನೊಂದು ಮಾತು. ಕಣದಲ್ಲಿ ಸಂಖ್ಯೆ ನೋಡಿಕೊಂಡು ಒಳಗೆ ಬಂದು ನಾನೊಬ್ಬನೇ ಕೂರಿಸಬಹುದು, ಅದೇನೂ ದೂರವಲ್ಲ. ಸಾಬರೂ ಹಾಗೇ ಹೇಳಿದರು. ಹೂಂ ಅಂದೆ, ಆದರೆ ಮಾಡುವ ಮನಸ್ಸಿಲ್ಲ. ದಸರಾ ಕಳೆದು ನಿನ್ನನ್ನು ತವರಿನ ಬಸ್ಸು ಹತ್ತಿಸುವಾಗ, ಮನಸ್ಸು ಸರಿಯಾದ ಮೇಲೆ ಬಾ ಅಂದಿದ್ದೆ. ಆ ಮಾತು ಬಿಡು. ಅಲ್ಲಿ ಸರಿಮಾಡಿಕೊಂಡು ಬಂದರೂ ನಡುಮನೆ ನೋಡಿದ ಕೂಡಲೇ ಮತ್ತೆ ಇಳಿದುಹೋಗುತ್ತದೆ. ಸರಿಯಾಗದೆಯೇ ಬಾ. ನನ್ನದೂ ಸರಿಯಾಗಿಲ್ಲ. ಸಾಬರು ಹಾರ್ನ್ ಹೊಡೆಯುತ್ತಿದ್ದಾರೆ. ನಾಳೆ ಅವರು ಕಳಸದಲ್ಲಿ ಮಗಳು ಶಬನಂ ಮನೆಯಲ್ಲಿ ಊಟ ಮುಗಿಸಿ ಎರಡು ಗಂಟೆಗೆ ಹೊರಟು, ಈ ಕಡೆಯಿಂದಲೇ ಬರುತ್ತಾರೆ. ಜೀಪಿನ ಮುಂದಿನ ಸೀಟು ಖಾಲಿ ಇರುತ್ತದೆ.